ಕಾವಿಗೆ ಕೂತ ಹ್ಯಾಟೆ ಒಂದು, ಥರ್ಮಾಕೋಲ್ ಡಬ್ಬಿ ಒಂದು: ನಾಟಿ, ಕಡಕನಾಥ್, ಬಾತು, ಗಿನಿ ಮೊಟ್ಟೆಗಳಲ್ಲಿ ಯಾವುದನ್ನ ಎಲ್ಲಿಡೋದು?

ಕೆರೆಕೋಡಿ_ತೋಟ (ತಿಪಟೂರು ಕಡೆ):

ಎಲ್ಲರಿಗೂ ನಮಸ್ಕಾರ. ಹಿತ್ತಲಲ್ಲಿರೋದು ಇಷ್ಟು: ನಾಟಿ ಹ್ಯಾಟೆ 9, ಗಿರಿರಾಜ ಹ್ಯಾಟೆ 3, ಕಡಕನಾಥ್ (ಕರಿ ಕೋಳಿ) ಹ್ಯಾಟೆ 2. ಹುಂಜ ಎರಡು, ಒಂದು ನಾಟಿ, ಇನ್ನೊಂದು ಕಡಕನಾಥ್. ಬಾತು ನಾಲ್ಕು ಹೆಣ್ಣು, ಒಂದು ಗಂಡು. ಗಿನಿ ಕೋಳಿ ಎರಡು ಜೋಡಿ. ಎಲ್ಲಾ ಹಗಲು ಒಟ್ಟಿಗೇ ಮೇಯ್ತವೆ. ಮೂರು ದಿನದಿಂದ ಒಂದು ನಾಟಿ ಹ್ಯಾಟೆ ಕಾವಿಗೆ ಕೂತಿದೆ, ಎಬ್ಬಿಸಿದ್ರೆ ಕುಟುಕೋಕೆ ಬರುತ್ತೆ.

ಕಾವು ಡಬ್ಬಿ 50 ಮೊಟ್ಟೆ ಹಿಡಿಯೋ ಥರ್ಮಾಕೋಲ್ ಪೆಟ್ಟಿಗೆ. ಒಳಗೆ 40 ವ್ಯಾಟಿನ ಎರಡು ಬಲ್ಬು, ಕಂಪ್ಯೂಟರ್ ಫ್ಯಾನ್ ಒಂದು, ಶಾಖ ನೋಡಿ ಬಲ್ಬು ಹತ್ತಿಸಿ ಆರಿಸೋ ಡಬ್ಲ್ಯೂ 1209 ಕಂಟ್ರೋಲರ್, ಎರಡು ಬಟ್ಟಲು ನೀರು. 37.5ಕ್ಕೆ ಸೆಟ್ ಮಾಡಿದೆ. ನೀರು ಮೊದಲ ದಿನದಿಂದಲೂ ತುಂಬಿಸಿಯೇ ಇಟ್ಟಿದ್ದು. ಹೋದ ಸಲ ಕೋಳಿ ಮೊಟ್ಟೆ 24 ಇಟ್ಟಿದ್ದಕ್ಕೆ ಬಂದ ಮರಿ 7. ಐದು ಬರಡು, ಮೂರರಲ್ಲಿ ಕೆಂಪು ಉಂಗುರ. ಉಳಿದ ಒಂಬತ್ತು ಒಡೆದು ನೋಡಿದ್ರೆ ಪೂರ್ತಿ ಬೆಳೆದ ಮರಿ, ಮೈಯೆಲ್ಲಾ ಒದ್ದೆ, ಹಳದಿ ಚೀಲ ಇನ್ನೂ ಹೊಟ್ಟೆ ಹೊರಗೇ ಇತ್ತು. ಅದರಲ್ಲಿ ಮೂರು ಚಿಪ್ಪು ಕುಕ್ಕಿದ್ವು, ಆದ್ರೆ ಹೊರಗೆ ಬರಲಿಲ್ಲ. ಬದುಕಿದ ಮರಿಗಳೂ 22ರ ಸಂಜೆಯಿಂದ 23ನೇ ದಿನದೊಳಗೆ ಬಂದವು.

ಈ ಸಲ ನಾಲ್ಕೂ ಜಾತಿ ಮರಿ ಬೇಕು. ಹ್ಯಾಟೆ ಕೆಳಗೆ ಎಷ್ಟು ಇಡಲಿ, ಡಬ್ಬಿಗೆ ಏನು ಹಾಕಲಿ? ದಿನದ ಲೆಕ್ಕ ಬೇರೆ ಬೇರೆ ಇರೋ ಮೊಟ್ಟೆಗಳನ್ನ ಒಟ್ಟಿಗೆ ಹೊಂದಿಸೋದು ಹೇಗೆ?

ಬಿಸಿಡಬ್ಬಿ:

ಬರಡು ಐದನ್ನ ಬಿಡಿ, ಅದು ಹುಂಜದ ವಿಷಯ. ಉಳಿದ ಹನ್ನೆರಡಕ್ಕೂ ಕಾರಣ ಡಬ್ಬಿಯಲ್ಲೇ ಇರೋ ಹಾಗೆ ಕಾಣುತ್ತೆ, ಅದೂ ಎರಡು ತಪ್ಪು ಒಟ್ಟಿಗೆ ಸೇರಿದೆ.

ಮೊದಲನೆಯದು ಶಾಖ. ಮರಿ ಒಂದೂವರೆ ದಿನ ತಡ ಆಯ್ತು ಅಂದ್ರೆ ಸರಾಸರಿ ಶಾಖ ಕಡಿಮೆ ಇತ್ತು ಅಂತಲೇ. 37.5 ಅಂತ ಬರೀ ತೋರಿಸ್ತಿದ್ರೆ ಸಾಲದು. ಡಬ್ಲ್ಯೂ 1209ರಲ್ಲಿ ಸೆಟ್ ಬಟನ್ ಐದು ಸೆಕೆಂಡ್ ಒತ್ತಿ ಹಿಡಿದ್ರೆ ಪಿ0, ಪಿ1 ಅಂತ ಒಳ ಮೆನು ಬರುತ್ತೆ. ಪಿ1 ಅಂದ್ರೆ ಬಲ್ಬು ಆರಿದ ಮೇಲೆ ಮತ್ತೆ ಹತ್ತೋಕೆ ಎಷ್ಟು ಡಿಗ್ರಿ ಇಳೀಬೇಕು ಅನ್ನೋದು. ಕಾರ್ಖಾನೆಯಿಂದ ಬರುವಾಗ ಅದು 2.0 ಇರುತ್ತೆ. ಅಂದ್ರೆ ಬಲ್ಬು 37.5ಕ್ಕೆ ಆರಿ 35.5ಕ್ಕೆ ಇಳಿದ ಮೇಲೆ ಹತ್ತುತ್ತೆ. ಮೊಟ್ಟೆಗೆ ಸಿಕ್ಕಿದ್ದು ಹೆಚ್ಚು ಕಡಿಮೆ 36.5. ಪಿ1ನ್ನ 0.3ಕ್ಕೆ ಇಳಿಸಿ. 0.1 ಬೇಡ, ರಿಲೇ (ಒಳಗಿನ ಸ್ವಿಚ್) ಟಕ್ ಟಕ್ ಅಂತ ನಿಮಿಷಕ್ಕೆ ಹತ್ತು ಸಲ ಬಡಿದು ಬೇಗ ಸುಟ್ಟು ಹೋಗುತ್ತೆ.

ಆಮೇಲೆ ಸೆನ್ಸರ್ ನಿಜ ಹೇಳ್ತಿದೆಯಾ ನೋಡಿ. ಮನೇಲಿರೋ ಜ್ವರದ ಡಿಜಿಟಲ್ ಥರ್ಮಾಮೀಟರ್ ಸಾಕು, ಅದು ಈ ಶಾಖದಲ್ಲೇ ಅತಿ ನಿಖರ. ಸ್ಟೀಲ್ ಲೋಟದಲ್ಲಿ ಉಗುರು ಬೆಚ್ಚಗಿನ ನೀರು ತಗೊಂಡು ಸೆನ್ಸರ್ ತುದಿ, ಥರ್ಮಾಮೀಟರ್ ತುದಿ ಎರಡೂ ಒಟ್ಟಿಗೆ ಅದ್ದಿ, ಚಮಚದಿಂದ ತಿರುಗಿಸ್ತಾ ಎರಡನ್ನೂ ಓದಿ. ಥರ್ಮಾಮೀಟರ್ ಫ್ಯಾರನ್‌ಹೀಟಿನದಾದ್ರೆ 99.5 ಅಂದ್ರೆ 37.5. ವ್ಯತ್ಯಾಸ ಇದ್ರೆ ಪಿ4ರಲ್ಲಿ ಅಷ್ಟನ್ನ ಕೂಡಿಸಿ ಇಲ್ಲ ಕಳೆಯಿರಿ. ಸೆನ್ಸರ್ ತುದಿ ಮೊಟ್ಟೆಯ ಮೇಲ್ಭಾಗದ ಎತ್ತರಕ್ಕೇ ಇರಲಿ, ಬಲ್ಬಿನ ಬೆಳಕು ನೇರ ಬೀಳದ ಜಾಗದಲ್ಲಿ. ಸೆನ್ಸರ್ ಮುಚ್ಚಳಕ್ಕೆ ಅಂಟಿದ್ರೆ ಅದು ಮುಚ್ಚಳದ ಶಾಖ ಹೇಳುತ್ತೆ, ಮೊಟ್ಟೆಯದಲ್ಲ. 37.5 ಅನ್ನೋದು ಫ್ಯಾನ್ ಇರೋ ಡಬ್ಬಿ ಲೆಕ್ಕ. ಫ್ಯಾನ್ ಇಲ್ಲದ ಡಬ್ಬಿಯಲ್ಲಿ ಮೊಟ್ಟೆಯ ಮೇಲ್ಭಾಗಕ್ಕೆ 38.5 ಆದ್ರೂ ಬೇಕು, ಕೆಳಗೆ ತಣ್ಣಗಿರುತ್ತಲ್ಲ.

ಎರಡನೆಯದು ನೀರು. ಮೈ ಒದ್ದೆ, ಹಳದಿ ಹೊರಗೆ, ಕುಕ್ಕಿ ಸುಸ್ತಾಗಿ ಸತ್ತದ್ದು: ಇದು ಮೊಟ್ಟೆ ಒಣಗಬೇಕಾದಷ್ಟು ಒಣಗಲಿಲ್ಲ ಅನ್ನೋದರ ಲಕ್ಷಣ. ಮೊಟ್ಟೆ 18 ದಿನದಲ್ಲಿ ತನ್ನ ತೂಕದ ನೂರಕ್ಕೆ 12–13ರಷ್ಟು ಕಳ್ಕೋಬೇಕು. ಆ ಜಾಗದಲ್ಲೇ ದಪ್ಪ ತುದಿಯ ಗಾಳಿ ಚೀಲ ದೊಡ್ಡದಾಗೋದು. ಚೀಲ ಸಣ್ಣದಾದ್ರೆ ಮರಿಗೆ ಮೊದಲ ಉಸಿರು ಎಳೆಯೋಕೇ ಗಾಳಿ ಇರಲ್ಲ.

ಹದ ತಿಳಿಯೋಕೆ ಅಡುಗೆಮನೆ ಡಿಜಿಟಲ್ ತಕ್ಕಡಿ ಇಟ್ಕೊಳ್ಳಿ. ಪ್ರತಿ ಮೊಟ್ಟೆಯ ತೂಕ ಪೆನ್ಸಿಲ್‌ನಲ್ಲಿ ಚಿಪ್ಪಿನ ಮೇಲೇ ಬರೆಯಿರಿ, ಪೆನ್ನು ಮಾರ್ಕರ್ ಬೇಡ. ನಾಟಿ ಮೊಟ್ಟೆ 45 ಗ್ರಾಂ ಅಂತಿಟ್ಕೊಂಡ್ರೆ ಹನ್ನೆರಡಕ್ಕೆ 540 ಗ್ರಾಂ. ಏಳನೇ ದಿನ 515ರ ಆಸುಪಾಸು, 18ನೇ ದಿನ 472ರ ಆಸುಪಾಸು ಇರಬೇಕು. ಏಳನೇ ದಿನಕ್ಕೆ 525 ಇದ್ರೆ ನೀರು ಜಾಸ್ತಿ ಅಂತ ಒಂದು ಬಟ್ಟಲು ತೆಗೀರಿ. 505ಕ್ಕೆ ಇಳಿದಿದ್ರೆ ಇನ್ನೊಂದು ಬಟ್ಟಲು ಸೇರಿಸಿ. ಮಧ್ಯೆ ಬರಡು ಮೊಟ್ಟೆ ತೆಗೆದ್ರೆ ಅದರ ಮೇಲೆ ಬರೆದ ಮೊದಲ ತೂಕವನ್ನ ಒಟ್ಟು ಲೆಕ್ಕದಿಂದ ಕಳೆಯೋದು ಮರೀಬೇಡಿ. ಅಂಗಡಿಯ ಅಗ್ಗದ ತೇವಾಂಶ ಮೀಟರನ್ನ ಹಾಗೇ ನಂಬಬಾರದು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ ಕೆಲವು ಹನಿ ನೀರಲ್ಲಿ ಒದ್ದೆ ಮರಳಿನ ಹದಕ್ಕೆ ತಂದು, ಮೀಟರ್ ಜೊತೆ ಗಾಳಿ ಆಡದ ಪ್ಲಾಸ್ಟಿಕ್ ಚೀಲದಲ್ಲಿ ರಾತ್ರಿಯೆಲ್ಲಾ ಕಟ್ಟಿಡಿ. ಬೆಳಿಗ್ಗೆ 75 ತೋರಿಸಬೇಕು. 68 ತೋರಿಸಿದ್ರೆ ಯಾವಾಗಲೂ 7 ಕೂಡಿಸಿ ಓದಿ. ಮೊದಲ 18 ದಿನ 45–50, ಕೊನೇ ಮೂರು ದಿನ 65–70. ತೇವ ಹೆಚ್ಚೋದು ನೀರಿನ ಆಳದಿಂದ ಅಲ್ಲ, ಅಗಲದಿಂದ. ಆಳದ ಲೋಟಕ್ಕಿಂತ ಅಗಲದ ತಟ್ಟೆ ಕೆಲಸ ಮಾಡುತ್ತೆ.

ಗಾಳಿ ತೂತು ಎಷ್ಟಿವೆ ಅಂತ ನೀವು ಹೇಳಿಲ್ಲ. ಕೆಳಗೆರಡು ಮೇಲೆರಡು, ಪೆನ್ಸಿಲ್‌ಗಿಂತ ಸ್ವಲ್ಪ ದಪ್ಪ ತೂತು ಇರಲೇಬೇಕು. ಕೊನೇ ಮೂರು ದಿನ ತೇವ ನಿಲ್ಲಲಿ ಅಂತ ತೂತಿಗೆ ಬಟ್ಟೆ ತುರುಕೋರು ಬಹಳ ಜನ. ಮರಿ ಅತಿ ಹೆಚ್ಚು ಉಸಿರು ಕೇಳೋದೇ ಆಗ!

ಹಿತ್ತಲಮನಿ (ಹಾವೇರಿ):

ಡಬ್ಬಿ ಮಾತ ಅವರು ಹೇಳ್ಯಾರ, ನಾ ಕೋಳಿ ಮಾತ ಹೇಳ್ತೀನ್ರಿ. ಕಾವಿಗೆ ಕುಂತ ಕೋಳಿ ಡಬ್ಬಿಗಿಂತ ನೂರು ಪಾಲು ಚಲೋ, ಆದ್ರ ಅದನ್ನ ಕೆಡಿಸೋದೂ ನಾವ.

ಮೂರು ದಿನ ಆಗೇತಿ ಅಂದ್ರ ಅದು ಗಟ್ಟಿಯಾಗಿ ಕುಂತದ ಅಂತ ತಿಳೀರಿ. ರಾತ್ರಿನೂ ಗೂಡು ಬಿಡೋದಿಲ್ಲ, ಕೈ ಹಾಕಿದ್ರ ಮೈ ಉಬ್ಬಿಸಿ ಕೊರ್ರ್ ಅಂತೈತಿ, ಎದಿ ಕೆಳಗ ಪುಕ್ಕ ಉದುರಿ ಚರ್ಮ ಬಿಸಿ ಹತ್ತತೈತಿ, ಅದ ಗುರ್ತು. ಆದ್ರ ಅದು ಈಗ ಕುಂತ ಜಾಗಾ ಬ್ಯಾರೆ ಕೋಳಿ ತತ್ತಿ ಇಡೋ ಜಾಗಾ ಆಗಿದ್ರ ಅಲ್ಲೇ ಬಿಡಬ್ಯಾಡ್ರಿ. ದಿನಾ ಒಂದೊಂದು ಹೊಸಾ ತತ್ತಿ ಕೂಡ್ತಾವ, 21ನೇ ದಿನಕ್ಕ ಅರ್ಧ ಮರಿ, ಅರ್ಧ ನೀರು. ಹಗಲ ಹೊತ್ತಿನ್ಯಾಗ ಎತ್ತಿ ಬ್ಯಾರೆ ಕಡೆ ಇಟ್ರ ಓಡಿ ಹಳೇ ಜಾಗಾಕ್ಕ ಹೋಗ್ತೈತಿ. ಕತ್ತಲಾದ ಮ್ಯಾಲ ಎತ್ರಿ, ಸುಳ್ಳು ತತ್ತಿ ನಾಕು ಇಟ್ಟ ಹೊಸಾ ಬುಟ್ಟಿಯೊಳಗ ಕುಂದರ್ಸ್ರಿ, ಮ್ಯಾಲ ಬುಟ್ಟಿ ಡಬ್ಬ ಹಾಕ್ರಿ. ಎರಡು ರಾತ್ರಿ ಅಲ್ಲೇ ಕುಂತ್ರ ಅಷ್ಟ ನಿಜವಾದ ತತ್ತಿ ಕೊಡ್ರಿ, ಅದೂ ಸಂಜೀ ಮುಂದ, ಎಲ್ಲಾ ಒಮ್ಮೆಲೆ.

ಬುಟ್ಟಿ ಒಂದು ಮೊಳ ಅಗಲ ಸಾಕು. ತಳಕ್ಕ ಮೂರು ಬೆರಳು ದಪ್ಪ ಸಣ್ಣ ಉಸುಕು ಇಲ್ಲಾ ಒಣಾ ಮಣ್ಣು, ಮ್ಯಾಲ ಒಣಾ ಹುಲ್ಲು. ನಡುವ ಸ್ವಲ್ಪ ತಗ್ಗು ಇರಬೇಕು, ಊಟದ ತಾಟಿನಷ್ಟ. ಬಾಳ ತಗ್ಗಾದ್ರ ತತ್ತಿ ಒಂದರ ಮ್ಯಾಲ ಒಂದು ಏರಿ ಒಡೀತಾವ, ಸಪಾಟಾದ್ರ ದಂಡಿಗೆ ಉರುಳಿ ತಣ್ಣಗಾಕ್ಕಾವ. ಹುಲ್ಲಿನ ಕೆಳಗ ಬೇವಿನ ಎಲಿ, ಒಂದು ಮುಷ್ಟಿ ಬೂದಿ. ಇದು ಚಂದಕ್ಕಲ್ರಿ, ಕೋಳಿ ಹೇನಿಗೆ. 21 ದಿನಾ ಒಂದ ಕಡೆ ಕುಂತ ಕೋಳಿ ಮೈಯಾಗ ಹೇನು ಸಿಕ್ಕಾಪಟ್ಟೆ ಬೆಳೀತಾವ, ತಡಿಯಾಕಾಗದ 15–16ನೇ ದಿನಕ್ಕ ಎದ್ದು ಹೋಗಿಬಿಡ್ತೈತಿ. ಕುಂದರ್ಸೋ ಮುಂದ ರೆಕ್ಕಿ ಕೆಳಗ, ಹಿಂದ ಪುಕ್ಕದ ಬುಡಕ್ಕ ಬೆಳಕು ಹಿಡಿದು ನೋಡ್ರಿ. ಗುಡುಗಿಗೆ ತತ್ತಿ ಕೆಡಬಾರದಂತ ಕಬ್ಬಿಣದ ತುಣುಕು, ಇದ್ದಲಿ, ಕೆಂಪು ಮೆಣಸಿನಕಾಯಿ ಇಡೋ ಪದ್ಧತಿ ಐತಲ್ಲ, ಇಡ್ರಿ, ತೊಂದ್ರಿ ಏನಿಲ್ಲ. ಆದ್ರ ಅದನ್ನಿಟ್ಟು ಹೇನು ನೋಡೋದ ಬಿಡಬ್ಯಾಡ್ರಿ.

ಎಷ್ಟು ಅಂತ ಕೇಳೀರಿ. ನಾಟಿ ಕೋಳಿ ಕೆಳಗ ಅದರದ ತತ್ತಿ 10 ರಿಂದ 12. ರಾತ್ರಿ ಬ್ಯಾಟರಿ ಹಿಡಿದು ನೋಡ್ರಿ, ಪುಕ್ಕದ ಹೊರಗ ಒಂದ ತತ್ತಿ ಕಂಡ್ರೂ ಅದನ್ನ ತೆಗೀರಿ. ಯಾಕಂದ್ರ ಹೊರಗ ಉಳಿಯೋದು ದಿನಾ ಒಂದ ತತ್ತಿ ಅಲ್ಲ. ಕೋಳಿ ದಿನಾ ತಿರುಗಿಸ್ತೈತಿ, ಇವತ್ತ ಒಂದು, ನಾಳಿಗೆ ಇನ್ನೊಂದು ಹೊರಗ ಬಂದು ತಣ್ಣಗಾಗಿ ಎಲ್ಲಾ ಕೆಡ್ತಾವ. ಬಾತಿನ ತತ್ತಿ ಆದ್ರ ಐದು, ಆರಕ್ಕಿಂತ ಹೆಚ್ಚು ಬ್ಯಾಡ.

ಕಾಳಿಗೆ ಜ್ವಾಳ, ಗೋವಿನಜೋಳ ಇಡಿಯಾಗಿ ಹಾಕ್ರಿ. ಹಿಟ್ಟು, ಅನ್ನ, ಲೇಯರ್ ಮ್ಯಾಶ್ (ಅಂಗಡಿ ಕೋಳಿ ಹಿಟ್ಟು) ಹಾಕಿದ್ರ ಹೊಟ್ಟಿ ಸಡಲಾಗಿ ಗೂಡೊಳಗ ಹೇತು ತತ್ತಿ ಹೊಲಸಾಕ್ಕಾವ. ದಿನಕ್ಕ ಒಮ್ಮಿ ಎದ್ದು 15–20 ನಿಮಿಷ ಮೇಯ್ದು, ಮಣ್ಣಾಗ ಹೊರಳಾಡಿ ಬರ್ಲಿ. ತಾನ ಏಳಲಿಲ್ಲಂದ್ರ ಎತ್ತಿ ಹೊರಗ ಬಿಡ್ರಿ, ಎತ್ತೋ ಮುಂದ ರೆಕ್ಕಿ ಕೆಳಗ ತತ್ತಿ ಸಿಕ್ಕಿರ್ತಾವ, ಮೊದಲ ಬೆರಳು ಆಡಿಸಿ ನೋಡ್ರಿ.

ಕೆರೆಕೋಡಿ_ತೋಟ:

@ಬಿಸಿಡಬ್ಬಿ ನೋಡಿದೆ ಸರ್, ಪಿ1ರಲ್ಲಿ 2.0 ಅಂತಲೇ ಇದೆ. ಲೋಟದ ನೀರಿನಲ್ಲಿ ಜ್ವರದ ಥರ್ಮಾಮೀಟರ್ 37.4, ಕಂಟ್ರೋಲರ್ 37.6. ಗಾಳಿ ತೂತು ಒಂದೇ ಇತ್ತು, ವೈರ್ ಬರೋದು. ಮೊಟ್ಟೆಗಳನ್ನ ಹತ್ತು ಹನ್ನೆರಡು ದಿನ ಸೇರಿಸಿ ಇಟ್ಟಿದ್ದೆ, ಕೊನೇ ಕೆಲವನ್ನ ಫ್ರಿಜ್‌ನಲ್ಲಿ.

@ಹಿತ್ತಲಮನಿ ಅಕ್ಕಾ, ಹ್ಯಾಟೆನ ಇವತ್ತು ರಾತ್ರಿಯೇ ಮಂಕರಿಗೆ ಬದಲಾಯಿಸ್ತೀನಿ.

ಬಿಸಿಡಬ್ಬಿ:

ಹಾಗಾದ್ರೆ ಪಿ1 0.3, ಪಿ4 ಮೈನಸ್ 0.2. ಮೊಟ್ಟೆ ಇಡೋ ಮುಂಚೆ ಖಾಲಿ ಡಬ್ಬಿ 24 ಗಂಟೆ ಓಡಿಸಿ. ಅರ್ಧ ಲೀಟರ್ ನೀರಿನ ಬಾಟಲಿ ಎರಡು ಒಳಗೇ ಇಡಿ, ಮುಚ್ಚಳ ತೆಗೆದಾಗ ಶಾಖ ಬೇಗ ಇಳಿಯಲ್ಲ. ಬಲ್ಬು 40ರದು ಬೇಡ, 25 ವ್ಯಾಟಿನ ಎರಡು ಸಾಕು, ಎರಡನ್ನೂ ಪ್ಯಾರಲಲ್ ಆಗಿ ಜೋಡಿಸಿ. ಒಂದು ಸುಟ್ಟರೂ ಇನ್ನೊಂದು ಉಳಿಯುತ್ತೆ. ಫಿಲಮೆಂಟಿನ ಹಳದಿ ಬಲ್ಬೇ ಆಗಬೇಕು. ಅಂಗಡಿಯವರು ಅದು ಈಗ ಬರಲ್ಲ ಅಂತ ಎಲ್‌ಇಡಿ ಕೊಡ್ತಾರೆ, ಅದರಲ್ಲಿ ಮೊಟ್ಟೆ ಬೆಚ್ಚಗಾಗಲ್ಲ. ಕಂಟ್ರೋಲರ್ ಬೋರ್ಡಿನ ಹಿಂಬದಿಯಲ್ಲಿ 230 ವೋಲ್ಟ್ ಬೆಸುಗೆ ಬರಿಮೈಯಲ್ಲಿರುತ್ತೆ, ಅದನ್ನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿ ಪೆಟ್ಟಿಗೆಯ ಹೊರಗಿಡಿ. ಒಳಗೆ ತೇವ ಇರೋದು ನೆನಪಿರಲಿ.

ಕೆಂಪು ಉಂಗುರ ಮೂರರದ್ದು ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು. ಮೂರ್ನಾಲ್ಕನೇ ದಿನ ಭ್ರೂಣ ಸತ್ತು ರಕ್ತನಾಳ ಅಂಚಿಗೆ ಸರಿದ್ರೆ ಆ ಉಂಗುರ. ಹಳೇ ಮೊಟ್ಟೆಯಲ್ಲಿ ಇದು ಮಾಮೂಲು. ಮೊಟ್ಟೆ ಕಾಯೋಕೆ 13–18 ಡಿಗ್ರಿ ಬೇಕು. ಫ್ರಿಜ್ ಒಳಗೆ 4–5 ಡಿಗ್ರಿ, ಅದು ತಿನ್ನೋ ಮೊಟ್ಟೆಗೆ. ಹೊರಗಿಟ್ರೆ 28 ಡಿಗ್ರಿಯಲ್ಲಿ ಭ್ರೂಣ ಅರ್ಧಂಬರ್ಧ ಬೆಳೆಯೋಕೆ ಶುರು ಮಾಡಿ ನಿಂತು ಸಾಯುತ್ತೆ. ನಮ್ಮ ಹವೆಗೆ ಆಗೋದು ಇಷ್ಟು: ಅಗಲ ಬಾಯಿಯ ಮಣ್ಣಿನ ಮಡಕೆ, ಅದನ್ನ ಒದ್ದೆ ಮರಳಿನ ತಟ್ಟೆ ಮೇಲೆ ಮನೆಯ ಅತಿ ತಣ್ಣನೆ ಮೂಲೆಯಲ್ಲಿಟ್ಟು, ಒಳಗೆ ರಾಗಿ ಇಲ್ಲ ತೌಡು ಹಾಕಿ ಮೊಟ್ಟೆಯ ಚೂಪು ತುದಿ ಕೆಳಗೆ ಮಾಡಿ ನಿಲ್ಲಿಸಿ. ಐದಾರು ದಿನದೊಳಗೆ ಕಾವಿಗಿಡಿ. ಏಳು ದಾಟಿದ್ದನ್ನ ಆಮ್ಲೆಟ್ ಮಾಡಿ.

ಗಲೀಜಾದ ಮೊಟ್ಟೆ ತೊಳೀಬೇಡಿ. ತಣ್ಣೀರು ತಾಗಿದ ತಕ್ಷಣ ಒಳಗಿನ ದ್ರವ ಕುಗ್ಗಿ, ಚಿಪ್ಪಿನ ರಂಧ್ರದಿಂದ ಕೊಳೆಯನ್ನ ಒಳಕ್ಕೆ ಹೀರ್ಕೊಳ್ಳುತ್ತೆ. ಒಣ ಬಟ್ಟೆಯಲ್ಲಿ ಒರೆಸಿದ್ರೆ ಹೋಗದಷ್ಟು ಹೊಲಸಿದ್ರೆ ಅದನ್ನ ಇಡಲೇಬೇಡಿ. ಅಂಥದ್ದು ಹತ್ತು ಹದಿನೈದನೇ ದಿನ ಗ್ಯಾಸ್ ತುಂಬಿ ಡಬ್ಬಿಯೊಳಗೇ ಸಿಡಿದ್ರೆ ಉಳಿದದ್ದಕ್ಕೂ ಸೋಂಕು.

ಕರಾವಳಿ_ಬಾತು (ಉಡುಪಿ):

ದಿನ ಹೊಂದಿಸುವುದು ಸುಲಭ ಉಂಟು ಮಾರಾಯ್ರೆ. ಹಿಂದಿನಿಂದ ಲೆಕ್ಕ ಹಾಕಬೇಕು. ಕೋಳಿ 21, ಗಿನಿ 27 (26ರಿಂದ 28ರ ಒಳಗೆ), ಸಾಮಾನ್ಯ ಬಾತು 28. ಮುಖದಲ್ಲಿ ಕೆಂಪು ಗಂಟು ಗಂಟು ಇರುವ ಮಸ್ಕೋವಿ ಬಾತು ಆದರೆ 35, ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ನಿಮ್ಮ ಗಂಡು, ಹೆಣ್ಣು ಬಾತುಗಳಲ್ಲಿ ಒಂದು ಮಸ್ಕೋವಿ, ಇನ್ನೊಂದು ಸಾಮಾನ್ಯ ಆದರೆ ಬರುವ ಮರಿ ಮಾಂಸಕ್ಕೆ ಮಾತ್ರ, ಮುಂದೆ ಸಂತಾನ ಆಗುವುದಿಲ್ಲ.

ಜುಲೈ 29ಕ್ಕೆ ಮರಿ ಬೇಕು ಅಂತ ಇಟ್ಟುಕೊಳ್ಳಿ. ಬಾತಿನ ಮೊಟ್ಟೆ ಜುಲೈ 1ಕ್ಕೆ ಡಬ್ಬಿಗೆ. ಗಿನಿ 2ಕ್ಕೆ. ಕೋಳಿ ಮೊಟ್ಟೆ 8ಕ್ಕೆ, ಡಬ್ಬಿಗೂ ಹೇಂಟೆಯ ಕೆಳಗೂ ಅದೇ ದಿನ. ಅಲ್ಲಿಯವರೆಗೆ ಹೇಂಟೆ ಸುಳ್ಳು ಮೊಟ್ಟೆಯ ಮೇಲೆ ಕೂತಿರಲಿ, ಒಂದು ವಾರ ಹೆಚ್ಚು ಕೂತರೆ ಏನೂ ಆಗುವುದಿಲ್ಲ. ಆದರೆ ಒಟ್ಟು ಐದು ವಾರ ದಾಟಿಸಬೇಡಿ, ಸೊರಗಿ ಹೋಗುತ್ತದೆ. ಜುಲೈ 26ಕ್ಕೆ ಕೋಳಿಗೆ 18, ಗಿನಿಗೆ 24, ಬಾತಿಗೆ 25 ದಿನ ತುಂಬುತ್ತದೆ. ಆ ದಿನ ಎಲ್ಲದಕ್ಕೂ ತಿರುಗಿಸುವುದು ನಿಲ್ಲಿಸಿ, ತೇವ ಏರಿಸಿ, ಮುಚ್ಚಳ ಹಾಕಿ. ಒಂದೇ ಡಬ್ಬಿ ಇರುವವರಿಗೆ ಇದಕ್ಕಿಂತ ಬೇರೆ ದಾರಿ ಇಲ್ಲ. ದಿನ ತಪ್ಪಿಸಿ ಇಟ್ಟರೆ ಒಂದು ಗುಂಪಿಗೆ ಒಣ ಗಾಳಿ, ಇನ್ನೊಂದಕ್ಕೆ ತೇವದ ಗಾಳಿ, ಯಾರಿಗೆ ಕೊಡುತ್ತೀರಿ? ಹೇಂಟೆಯ ಕೆಳಗೂ ಹೀಗೇ: ಮೊದಲ ಮರಿ ಬಂದು ಒಂದೆರಡು ದಿನದಲ್ಲಿ ಅದು ಮರಿ ಕಟ್ಟಿಕೊಂಡು ಎದ್ದು ಹೋಗುತ್ತದೆ, ಉಳಿದದ್ದು ಅಲ್ಲೇ ತಣ್ಣಗಾಗುತ್ತದೆ.

ತಿರುಗಿಸುವುದು ದಿನಕ್ಕೆ ಮೂರು ಇಲ್ಲ ಐದು ಸಲ, ಬೆಸ ಸಂಖ್ಯೆ. ರಾತ್ರಿ ತುಂಬಾ ಹೊತ್ತು ಒಂದೇ ಮಗ್ಗುಲಲ್ಲಿ ಇರುತ್ತದಲ್ಲ, ಬೆಸ ಆದರೆ ಇವತ್ತಿನ ರಾತ್ರಿ ಒಂದು ಮಗ್ಗುಲು, ನಾಳೆ ಇನ್ನೊಂದು. ಒಂದು ಬದಿಗೆ ಗುಣಾಕಾರ, ಇನ್ನೊಂದು ಬದಿಗೆ ಸೊನ್ನೆ ಬರೆಯಿರಿ.

ಬಾತಿನ ಮೊಟ್ಟೆಗೆ ಹತ್ತನೇ ದಿನದಿಂದ 25ರವರೆಗೆ ದಿನಕ್ಕೊಮ್ಮೆ ಹೊರಗೆ ತೆಗೆದು ಹತ್ತು ಹದಿನೈದು ನಿಮಿಷ ಆರಲು ಬಿಟ್ಟು, ಉಗುರು ಬೆಚ್ಚಗಿನ ನೀರು ಸ್ಪ್ರೇ ಮಾಡಿ ಮತ್ತೆ ಇಡಿ. ತಾಯಿ ಬಾತು ಒದ್ದೆ ಹೊಟ್ಟೆಯಲ್ಲಿ ಬಂದು ಕೂರುವ ಹಾಗೆ.

ಗಿನಿ ಮೊಟ್ಟೆ ಚಿಪ್ಪು ಕಲ್ಲಿನಂತೆ. ಬೆಳಕು ಹಿಡಿದರೆ ಏಳನೇ ದಿನ ಏನೂ ಕಾಣುವುದಿಲ್ಲ, ಬರಡು ಅಂತ ಎಸೆಯಬೇಡಿ. ಹತ್ತನೇ ದಿನ ಜೋರು ಟಾರ್ಚಿನಲ್ಲಿ ನೋಡಿ.

ಬಿಸಿಡಬ್ಬಿ:

ಸ್ಪ್ರೇ ವಿಷಯದಲ್ಲಿ ಪೂರ್ತಿ ಒಪ್ಪೋಕಾಗಲ್ಲ. ಡಬ್ಬಿ ಗಾಳಿ ಒಣಗಿದ್ರೆ ಸರಿ. ಜುಲೈನಲ್ಲಿ ಉಡುಪಿಯ ಗಾಳಿಯೇ ನೀರು, ಅಲ್ಲಿ ಸ್ಪ್ರೇ ಮಾಡಿದ್ರೆ ತೂಕ ಇಳಿಯೋದೇ ನಿಲ್ಲಬಹುದು. ಬಾತು ಮೊಟ್ಟೆಗೂ ತಕ್ಕಡಿ ಲೆಕ್ಕವೇ: 70 ಗ್ರಾಂ ಮೊಟ್ಟೆ 25ನೇ ದಿನ 61ರ ಹತ್ತಿರ ಬರಬೇಕು. ಅದಕ್ಕಿಂತ ಬೇಗ ಇಳೀತಿದ್ರೆ ಸ್ಪ್ರೇ, ಇಲ್ಲಾಂದ್ರೆ ಬರೀ ಆರಿಸೋದು ಸಾಕು. ಸ್ಪ್ರೇ ನೀರು ಕುದಿಸಿ ಆರಿಸಿದ್ದಾಗಿರಲಿ.

ಕರಾವಳಿ_ಬಾತು:

ತಕ್ಕಡಿ ಇದ್ದವರಿಗೆ ನಿಮ್ಮ ಮಾತು ಸರಿ. ತಿಪಟೂರಿನ ಗಾಳಿ ಇಲ್ಲಿಯದ್ದಲ್ಲ, ಆದ್ದರಿಂದ ಅವರು ತೂಗಿಯೇ ನೋಡಲಿ. ಆದರೆ ಆರಿಸುವುದನ್ನು ಬಿಡಬೇಡಿ.

ಜಾತಿಹುಂಜ:

ಎಲ್ಲರೂ ಕಾವಿನ ಮಾತಾಡ್ತಿದ್ದೀರಿ, ಮೊಟ್ಟೆ ಯಾರದ್ದು ಅಂತ ಯಾರೂ ಕೇಳಲಿಲ್ಲ. ಎರಡು ಹುಂಜ ಒಂದೇ ಅಂಗಳದಲ್ಲಿ ಇದ್ರೆ ಕಡಕನಾಥ್ ಹ್ಯಾಟೆ ಮೊಟ್ಟೆಯಿಂದ ಬರೋದೆಲ್ಲಾ ಕಡಕನಾಥ್ ಅಲ್ಲ. ಹ್ಯಾಟೆ ಒಂದು ಸಲ ಕೂಡಿದ್ರೆ ಆ ಬೀಜ ಅದರ ಹೊಟ್ಟೆಯಲ್ಲಿ ಎರಡು ಮೂರು ವಾರ ಉಳಿಯುತ್ತೆ. ಶುದ್ಧ ಮರಿ ಬೇಕಿದ್ರೆ ಎರಡು ಕಡಕನಾಥ್ ಹ್ಯಾಟೆ, ಕಡಕನಾಥ್ ಹುಂಜ ಮೂರನ್ನೂ ಬೇರೆ ಕೂಡಿಹಾಕಿ. ಮೊದಲ ಮೂರು ವಾರದ ಮೊಟ್ಟೆ ತಿನ್ನಿ, ನಾಲ್ಕನೇ ವಾರದ್ದನ್ನ ಕಾವಿಗೆ ಇಡಿ. ಎರಡು ಹ್ಯಾಟೆಯಿಂದ ವಾರಕ್ಕೆ ಐದಾರಕ್ಕಿಂತ ಹೆಚ್ಚು ಬರಲ್ಲ, ಅದಕ್ಕೆ ತಕ್ಕ ಹಾಗೆ ಜುಲೈ ತಾರೀಖನ್ನ ಹೊಂದಿಸ್ಕೊಳ್ಳಿ.

ಈಗಲೇ ಇಟ್ಟರೆ ಏನು ಬರುತ್ತೆ? ಹಳದಿ ಕಾಲಿನ ನಾಟಿ ಹ್ಯಾಟೆಗೆ ಕಡಕನಾಥ್ ಹುಂಜ ಕೂಡಿದ್ರೆ ಹೆಣ್ಣು ಮರಿಯ ಚರ್ಮ ಚೆನ್ನಾಗಿ ಕಪ್ಪಾಗುತ್ತೆ, ಗಂಡಿನದು ಮಸುಕು. ಉಲ್ಟಾ ಆದ್ರೆ, ಅಂದ್ರೆ ಕಡಕನಾಥ್ ಹ್ಯಾಟೆಗೆ ಹಳದಿ ಕಾಲಿನ ನಾಟಿ ಹುಂಜ ಕೂಡಿದ್ರೆ, ಗಂಡು ಹೆಣ್ಣು ಎರಡೂ ಮಸುಕೇ. ಹಾಗಾಗಿ ಕಡಕನಾಥ್ ಮೊಟ್ಟೆಯಿಂದ ಬೆಳ್ಳನೆ ಚರ್ಮದ ಮರಿ ಬಂತು ಅಂದ್ರೆ ಅಪ್ಪ ಯಾರು ಅಂತ ಗೊತ್ತಾಯ್ತಲ್ಲ. ಅಂದ ಹಾಗೆ ಕಡಕನಾಥ್ ಮೊಟ್ಟೆ ಕಪ್ಪು ಅನ್ನೋ ವಾಟ್ಸಾಪ್ ಚಿತ್ರ ನಂಬಬೇಡಿ. ಮೊಟ್ಟೆ ತೆಳು ಕಂದು, ಕೆನೆ ಬಣ್ಣ.

ಗಿರಿರಾಜ ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದ ಸಂಕರ ತಳಿ. ಅದರ ಮೊಟ್ಟೆಯಿಂದ ಮರಿ ಬರುತ್ತೆ, ಆದ್ರೆ ಅಪ್ಪ ಅಮ್ಮನ ತೂಕ ಬರಲ್ಲ, ಒಂದೊಂದು ಒಂದೊಂದು ಥರ. ಗಿರಿರಾಜ ಬೇಕಾದ್ರೆ ಒಂದು ದಿನದ ಮರಿಯನ್ನೇ ತರೋದು ವಾಸಿ. ಡಬ್ಬಿಯ ಜಾಗವನ್ನ ಅದಕ್ಕೆ ಕೊಡಬೇಡಿ.

ಬರಡು ಐದಕ್ಕೆ ಕಾರಣ ಹುಂಜ ಕಡಿಮೆ ಅಂತಲ್ಲ, 14 ಹ್ಯಾಟೆಗೆ ಎರಡು ಹುಂಜ ಧಾರಾಳ. ಒಂದು ಇನ್ನೊಂದನ್ನ ಹ್ಯಾಟೆ ಹತ್ತಿರ ಬಿಟ್ಟುಕೊಳ್ಳದೆ ಓಡಿಸ್ತಿರಬಹುದು. ಬೆಳಗ್ಗೆ ಗೂಡು ತೆಗೆದ ಮೊದಲ ಅರ್ಧ ಗಂಟೆ ನಿಂತು ನೋಡಿ. ಬಾತಿಗೆ ನಾಲ್ಕಕ್ಕೆ ಒಂದು ಸರಿಯಾಗಿದೆ.

ಕೆರೆಕೋಡಿ_ತೋಟ:

ಹೌದು ಸರ್, ನಾಟಿ ಹುಂಜ ಕಡಕನಾಥ್‌ನ ಅಟ್ಟಾಡಿಸುತ್ತೆ. ಬೇರೆ ಕೂಡಿಹಾಕ್ತೀನಿ. ಹಾಗಾದ್ರೆ ಎಲ್ಲ ಲೆಕ್ಕ ಒಂದು ತಿಂಗಳು ಮುಂದಕ್ಕೆ. ಈಗ ಕೂತಿರೋ ಹ್ಯಾಟೆಗೆ ಬರೀ ನಾಟಿ ಮೊಟ್ಟೆ ಹನ್ನೊಂದು ಇಟ್ಟುಬಿಡ್ತೀನಿ, ಡಬ್ಬಿ ಆಮೇಲೆ ಇನ್ನೊಂದು ಹ್ಯಾಟೆ ಕೂತಾಗ.

ಇನ್ನೆರಡು ಪ್ರಶ್ನೆ. ನಮ್ಮಲ್ಲಿ ಸಂಜೆ ಹೊತ್ತು ಕರೆಂಟು ಎರಡು ಮೂರು ಗಂಟೆ ಹೋಗುತ್ತೆ. ಮತ್ತೆ, ಕುಕ್ಕಿ ಹೊರಗೆ ಬರಲಾರದ ಮರಿನ ನಾವೇ ಬಿಡಿಸಬಹುದಾ?

ಬಿಸಿಡಬ್ಬಿ:

ಕರೆಂಟು ಹೋದ್ರೆ ಮುಚ್ಚಳ ತೆಗೀಬೇಡಿ, ಅಷ್ಟೇ. ಬಾಟಲಿ ನೀರು ಒಳಗಿದ್ರೆ ಥರ್ಮಾಕೋಲ್ ಡಬ್ಬಿ ಎರಡು ಗಂಟೆ ತಡೆಯುತ್ತೆ. ಹೊತ್ತು ಮೀರಿದ್ರೆ ಕಂಬಳಿ ಹೊದಿಸಿ, ಬಾಟಲಿ ನೀರನ್ನ ಬಿಸಿ ನೀರಿಗೆ ಬದಲಾಯಿಸಿ, ಕೈ ತಡೆಯೋ ಬಿಸಿ. ತಣ್ಣಗಾದ್ರೆ ಮರಿ ತಡ ಆಗುತ್ತೆ, ಬಿಸಿ ಹೆಚ್ಚಾದ್ರೆ ಸಾಯುತ್ತೆ. ಕರೆಂಟು ಬಂದ ಮೇಲೆ ನಷ್ಟ ತುಂಬಿಸೋಕೆ 39ಕ್ಕೆ ಸೆಟ್ ಮಾಡೋ ಕೆಲಸ ಯಾವತ್ತೂ ಬೇಡ. 15ನೇ ದಿನದ ನಂತರ ಮೊಟ್ಟೆಗಳೇ ಶಾಖ ಬಿಡ್ತವೆ, ಆಗ ಕಂಬಳಿ ಹೊದಿಸಿದ್ರೂ ಗಾಳಿ ತೂತು ಮಾತ್ರ ಬಿಟ್ಟಿರಿ. ಮನೆಗೆ ಇನ್ವರ್ಟರ್ ಇದ್ರೆ 25ರ ಎರಡು ಬಲ್ಬು ಅದಕ್ಕೆ ಏನೂ ಭಾರವಲ್ಲ.

ಬಿಡಿಸೋದಕ್ಕೆ ಮುಂಚೆ ಗಡಿಯಾರ ನೋಡಿ. ಕೋಳಿ ಮರಿ ಕುಕ್ಕಿದ ಮೇಲೆ 12ರಿಂದ 24 ಗಂಟೆ ಸುಮ್ಮನೆ ಮಲಗಿರುತ್ತೆ. ಆ ಹೊತ್ತಲ್ಲಿ ಪೊರೆಯ ರಕ್ತ ಒಳಕ್ಕೆ ಹೋಗ್ತಿರುತ್ತೆ, ಹಳದಿ ಹೊಟ್ಟೆಗೆ ಸೇರ್ತಿರುತ್ತೆ. ಆಗ ಚಿಪ್ಪು ಬಿಡಿಸಿದ್ರೆ ರಕ್ತ ಸುರಿದು ಸಾಯುತ್ತೆ. ಬಾತು 24ರಿಂದ 48 ಗಂಟೆ ತಗೊಳ್ಳುತ್ತೆ, ಅದಕ್ಕಂತೂ ಕೈ ಹಾಕಲೇಬೇಡಿ. ಕೋಳಿಯದ್ದು 24 ದಾಟಿ, ತೂತಿನ ಸುತ್ತ ಪೊರೆ ಕಂದಾಗಿ ಕಾಗದದ ಹಾಗೆ ಒಣಗಿದ್ರೆ ಮಾತ್ರ ಅದು ಮರಿಗೆ ಅಂಟಿಕೊಂಡಿದೆ ಅಂತ. ಬೆಚ್ಚನೆ ನೀರಲ್ಲಿ ಅದ್ದಿದ ಹತ್ತಿಯಿಂದ ಪೊರೆ ಒದ್ದೆ ಮಾಡಿ, ದಪ್ಪ ತುದಿಯ ಚಿಪ್ಪು ಮಾತ್ರ ಉಂಗುರದ ಹಾಗೆ ಸುತ್ತ ತೆಗೆದು, ಉಳಿದದ್ದನ್ನ ಅದೇ ಒದೆಯಲಿ ಅಂತ ಬಿಡಿ. ಕೆಂಪು ಗೆರೆ ಕಂಡ್ರೆ ಅಲ್ಲೇ ನಿಲ್ಲಿಸಿ ಡಬ್ಬಿಗೆ ವಾಪಸ್. ಇಷ್ಟಕ್ಕೂ ಪೊರೆ ಒಣಗೋದು ನಾವು ಗಂಟೆಗೊಮ್ಮೆ ಮುಚ್ಚಳ ತೆಗೆದು ಇಣುಕೋದ್ರಿಂದಲೇ. ಮುಚ್ಚಳಕ್ಕೊಂದು ಗಾಜಿನ ತುಂಡು ಕೂರಿಸಿ.

ಹಿತ್ತಲಮನಿ:

ಡಬ್ಬಿ ಮರಿ ಕೋಳಿಗೆ ಕೂಡಿಸೋದು ಯಾರೂ ಹೇಳಲಿಲ್ಲ. ಒಂದ ದಿನಾ ಇಟ್ಟಿದ್ರ ಒಂದ ದಿನಾ ಒಡೀತಾವಲ್ಲ, ಡಬ್ಬಿಯೊಳಗಿನ ಮರಿ ಮೈ ಒಣಗಿ ಪುಕ್ಕ ಬಿಚ್ಚಿದ ಮ್ಯಾಲ, ಅವತ್ತ ರಾತ್ರಿನ ಕೋಳಿ ಕೆಳಗ ಹಿಂದಿನಿಂದ ಒಂದೊಂದ ಸರಿಸ್ರಿ. ದೀಪ ಹಚ್ಚಬ್ಯಾಡ್ರಿ. ಮುಂಜಾನೆ ಎಲ್ಲಾ ತನ್ನವ ಅಂತ ತಿಳೀತೈತಿ. ಎರಡು ದಿನಾ ತಡಾ ಮಾಡಿ, ಅದು ಗೂಡು ಬಿಟ್ಟು ಮರಿ ತಿರುಗಿಸಾಕ ಶುರು ಮಾಡಿದ ಮ್ಯಾಲ ಕರೀ ಮರಿ ತಂದು ಬಿಟ್ರ ತಲಿಗೆ ಕುಟುಕಿ ಕೊಲ್ತೈತಿ. ಮಳೆಗಾಲದಾಗ ಒಂದ ಕೋಳಿಗೆ 12–15 ಮರಿ, ಬ್ಯಾಸಗ್ಯಾಗ 20 ತನಕ ಅಡ್ಡಿಯಿಲ್ಲ. ಮರಿಗೆ ಮೊದಲ ಎರಡು ದಿನಾ ಹೊಟ್ಟಿಯೊಳಗಿನ ಹಳದಿನ ಸಾಕು, ಮೈ ಒಣಗೂ ಮೊದಲ ಗಡಿಬಿಡಿ ಮಾಡಿ ಡಬ್ಬಿಯಿಂದ ತೆಗೀಬ್ಯಾಡ್ರಿ.

ಮರಿ ಇರೋ ಕಡೆ ತಳಕ್ಕ ಪೇಪರ್ ಹಾಸಬ್ಯಾಡ್ರಿ, ಕಾಲು ಜಾರಿ ಎರಡೂ ಕಡೆ ಚಾಚಿ ಹಾಳಾಕ್ಕಾವ. ಗೋಣಿ ಚೀಲ ಹಾಸ್ರಿ. ನುಚ್ಚಿನ ಜೋಡಿ ಸ್ಟಾರ್ಟರ್ (ಮರಿ ಫೀಡ್) ಕೊಡ್ರಿ, ಗಿನಿ ಮರಿಗಂತೂ ಬರೇ ನುಚ್ಚು ಸಾಲೂದಿಲ್ಲ. ಬಾತಿನ ಮರಿ ಕೋಳಿ ಸಾಕಿದ್ದಾದ್ರ ಮೊದಲ ವಾರ ಆಳದ ನೀರಿಗೆ ಬಿಡಬ್ಯಾಡ್ರಿ, ತಾಯಿ ಬಾತಿನ ಮೈ ಎಣ್ಣಿ ಅದಕ್ಕ ಹತ್ತಿರೂದಿಲ್ಲ, ನೆನೆದು ಸಾಯ್ತಾವ. ಬಗ್ಗಿ ತಲಿ ಅದ್ದುವಷ್ಟ ನೀರಿನ ತಾಟು ಸಾಕು.

ಕೊಕ್ಕರೆ ರೋಗದ (ರಾಣಿಖೇತ್) ಲಸೊಟಾ ಲಸಿಕಿ ಹನಿ 5ರಿಂದ 7ನೇ ದಿನದೊಳಗ ಕಣ್ಣಿಗೆ ಒಂದ ಹನಿ. ಕೋಳಿ ಸಾಕಿದ ಮರಿಗೂ ಬೇಕ್ರಿ. ಸಣ್ಣ ಬಾಟ್ಲಿ ಅಂದ್ರೂ ನೂರು ಮರಿಗೆ ಆಗುವಷ್ಟಿರ್ತೈತಿ, ಕಲಸಿದ ಮ್ಯಾಲ ಎರಡು ತಾಸಿನ್ಯಾಗ ಮುಗಿಸಬೇಕು. ಓಣ್ಯಾಗ ಮರಿ ಇದ್ದವರನ್ನೆಲ್ಲಾ ಅವತ್ತ ಕರೀರಿ.

ಕೆರೆಕೋಡಿ_ತೋಟ:

ಹ್ಯಾಟೆ ಮಂಕರಿ ಒಳಗೆ ಕೂತ್ಕೊಂಡಿದೆ, ಸುಳ್ಳು ಮೊಟ್ಟೆಗೆ ಈರುಳ್ಳಿ ಇಟ್ಟಿದೀನಿ. ಆಗುತ್ತಾ ಅಕ್ಕಾ?

ಹಿತ್ತಲಮನಿ:

ಉಳ್ಳಾಗಡ್ಡಿ ಬ್ಯಾಡ್ರಿ, ಶಾಖಕ್ಕ ಮೊಳಕಿ ಬರ್ತೈತಿ, ಕೊಳೀತೈತಿ. ನುಣ್ಣನ ಹೊಳಿ ಕಲ್ಲು, ಇಲ್ಲಂದ್ರ ಬರಡಂತ ತೆಗೆದಿಟ್ಟ ಹಳೇ ತತ್ತಿ ಕುದಿಸಿ ಇಡ್ರಿ. ಮ್ಯಾಲ ದೊಡ್ಡದಾಗಿ ಗೆರಿ ಎಳೀರಿ, ನಾಡಿದ್ದ ಕತ್ತಲಾಗ ನಿಜವಾದದ್ದರ ಜೋಡಿ ಕಲಸಿ ಹೋಗಬಾರದು.